ಮಡಚಿದ ಬೆರಳು ಮತ್ತು ಚಿಬ್ಬು ರೋಗ

ಕಲಘಟಗಿಯಲ್ಲಿ ನನ್ನದೊಂದು ಗೊಬ್ಬರದಂಗಡಿ ಇದೆ. ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧ ಎಲ್ಲ ಸಿಗುತ್ತದೆ. ವ್ಯಾಪಾರ ಪರವಾಗಿಲ್ಲ. ಇದಕ್ಕಿಂತ ಚೆನ್ನಾಗಿ ನಡೆಯಬೇಕಿತ್ತು, ನಡೆಯುತ್ತಿಲ್ಲ. ಅದಕ್ಕೆ ಕಾರಣ ನನ್ನ ಸೋದರತ್ತೆ.

ಹೆಸರು ಮಹಾದೇವಕ್ಕ, ವಯಸ್ಸು ಅರವತ್ತಾರು, ಊರು ಬಮ್ಮಿಗಟ್ಟಿ. ಓದಿದ್ದು ನಾಲ್ಕನೇ ಇಯತ್ತೆ. ಇರುವುದು ಇಪ್ಪತ್ನಾಲ್ಕು ಆಪೂಸ್ ಮಾವಿನ ಗಿಡ. ಸುತ್ತಲ ಊರುಗಳ ಜನ ಮಾವು, ಪೇರಲ, ಪಪ್ಪಾಯಿಯ ಎಲೆ ಕಿತ್ತುಕೊಂಡು ಆಕೆಯ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ. ಆಕೆ ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ ರೋಗ ಹೇಳುತ್ತಾಳೆ. ದುಮ್ಮವಾಡದವನೊಬ್ಬ ಎರಡು ಎಲೆಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಬಂದಿದ್ದ. ಮಗನಿಗೆ ಕನ್ಯೆ ನೋಡಲು ಹೋಗುವಾಗಲೂ ಅವನು ಅಷ್ಟು ಜತನದಿಂದ ಹೋಗಿರಲಿಕ್ಕಿಲ್ಲ.

ಅವನ ಎಲೆಗಳ ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪು ಕೂತಿತ್ತು. ಅತ್ತೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಎಲೆಯನ್ನು ತಿಕ್ಕಿದಳು. ಕಪ್ಪೆಲ್ಲ ಬೆರಳಿಗೆ ಬಂತು, ಕೆಳಗೆ ಹಸಿರು ಕಂಡಿತು.

"ತಿಕ್ಕಿದರ ಹೋಗತೈತಿ ನೋಡ. ಇದು ಎಲಿಗೆ ಬಂದ ರೋಗ ಅಲ್ಲ. ಜಿಗಿಹುಳ ಅಂಟು ಬಿಟ್ಟಾವ, ಆ ಅಂಟಿನ ಮ್ಯಾಲ ಬೂಸರು ಕುಂತೈತಿ. ಹುಳ ಹೋದರ ಇದೂ ಹೋಗತೈತಿ. ಈರೇಶನ ಅಂಗಡ್ಯಾಗ ಮೂರ ಬಾಟ್ಲಿ ಕೊಡತಾನ, ಒಂದ ತಗೋ."

ಈರೇಶ ಅಂದರೆ ನಾನೇ. ಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಚಹಾ ಕುಡಿಯುತ್ತ ಕೂತಿದ್ದೆ.

ಆಕೆ ಇದನ್ನೆಲ್ಲ ಕಲಿತದ್ದು ಮೂರು ವರ್ಷದ ಹಿಂದೆ. ತೋಟಗಾರಿಕೆ ಇಲಾಖೆಯ ನಸ್ರೀನ್ ಮೇಡಂ ಎಂಬ ಸಣ್ಣ ವಯಸ್ಸಿನ ಅಧಿಕಾರಿ ಊರಿನ ಸಮುದಾಯ ಭವನದಲ್ಲಿ ಎರಡು ದಿನ ತರಬೇತಿ ಇಟ್ಟಿದ್ದರು. ಗಂಡಸರು ಸಹಿ ಮಾಡಿ, ಉಪ್ಪಿಟ್ಟು ತಿಂದು ಎದ್ದುಹೋದರು. ಅತ್ತೆ ಎದ್ದುಹೋಗಲಿಲ್ಲ. ಹೂಗೊಂಚಲ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳುಪು ಬಂದರೆ ಬೂದಿ ರೋಗ. ಹೂವು ಕರ್ರಗೆ ಕಮರಿ, ಮಿಡಿಗಳ ಮೇಲೆ ತಗ್ಗಾದ ಕಪ್ಪು ಚುಕ್ಕೆ ಬಿದ್ದು, ಚುಕ್ಕೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡರೆ ಚಿಬ್ಬು ರೋಗ. ಇಷ್ಟನ್ನು ಆಕೆ ಮೊದಲ ದಿನವೇ ಗಟ್ಟಿ ಮಾಡಿಕೊಂಡಳು. ಎರಡನೇ ದಿನ ಮೇಡಂ ತೋರಿಸಿದ ಒಂದು ಫೋಟೋಕ್ಕೆ ಅವರೇ ತಪ್ಪು ಹೆಸರು ಹೇಳಿದಾಗ ಎದ್ದು ನಿಂತು ತಿದ್ದಿದಳು. ಮೇಡಂ ನಕ್ಕು, ತಮ್ಮ ಕೈಯಲ್ಲಿದ್ದ ಭೂತಗನ್ನಡಿಯನ್ನು ಆಕೆಗೇ ಕೊಟ್ಟುಬಿಟ್ಟರು. ಅಂದಿನಿಂದ ಅತ್ತೆಯ ಕೊರಳಲ್ಲಿ ಎರಡು ದಾರ. ಒಂದರಲ್ಲಿ ಲಿಂಗದ ಕರಡಿಗೆ, ಇನ್ನೊಂದರಲ್ಲಿ ಭೂತಗನ್ನಡಿ. ಎರಡನ್ನೂ ಯಾರಿಗೂ ಮುಟ್ಟಗೊಡುವುದಿಲ್ಲ.

ಇಷ್ಟು ತಿಳಿದವಳಿಗೆ ಒಂದು ಚಾಳಿ ಇತ್ತು. ಗಿಡದಲ್ಲಿರುವ ಮಿಡಿಗೆ ಎಂದೂ ಬೆರಳು ತೋರಿಸುತ್ತಿರಲಿಲ್ಲ. ಚುಕ್ಕೆ ಎಲ್ಲಿದೆ ಎಂದು ಕೇಳಿದರೆ ತೋರುಬೆರಳನ್ನು ಮಡಚಿ, ಗೆಣ್ಣಿನಿಂದ ತೋರಿಸುತ್ತಿದ್ದಳು. ನಮ್ಮ ಕಡೆ ಇದೇನು ಹೊಸದಲ್ಲ. ಎಳೆಗಾಯಿಗೆ ಬೆರಳು ನೆಟ್ಟಗೆ ಮಾಡಿ ತೋರಿಸಿದರೆ ಕಾಯಿ ಕೊಳೆಯುತ್ತದೆ ಎನ್ನುತ್ತಾರೆ. ಮರೆತು ತೋರಿಸಿದ ಮಕ್ಕಳಿಗೆ ತಮ್ಮ ಬೆರಳನ್ನು ತಾವೇ ಕಚ್ಚಿಕೊಳ್ಳಲು ಹೇಳುತ್ತಾರೆ. ನಾನೂ ಕಚ್ಚಿಕೊಂಡಿದ್ದೇನೆ. ಆದರೆ ಅತ್ತೆಯ ಮನೆಯಲ್ಲಿ ಈ ಮಾತಿಗೆ ಒಬ್ಬ ಮನುಷ್ಯನ ಹೆಸರು ಅಂಟಿಕೊಂಡಿತ್ತು.

ಅವನ ಹೆಸರು ಗುಡದಪ್ಪ. ಅತ್ತೆಯ ತೋಟದ ಬಾಜುವಿನ ಹೊಲ ಅವನದು. ಇಪ್ಪತ್ತೆರಡು ವರ್ಷದ ಹಿಂದೆ ಅತ್ತೆಯ ಗಿಡಗಳು ಮೊದಲ ಸಲ ಮೈತುಂಬ ಮಿಡಿ ಹಿಡಿದಿದ್ದವು. ಆಕೆಯ ಗಂಡ, ನಮ್ಮ ಮಾಮ, ತೀರಿಕೊಂಡು ಆಗ ಏಳು ವರ್ಷ. ಆ ಗಿಡಗಳಿಗೆ ಆಕೆ ಕೊಡದಿಂದ ನೀರು ಹೊತ್ತು ಹಾಕಿದ್ದಳು. ಒಂದು ಮುಂಜಾನೆ ಗುಡದಪ್ಪ ಬದುವಿನ ಮೇಲೆ ನಿಂತು, ಖುಷಿಯಿಂದ, ಬಲಗೈ ಬೆರಳು ನೆಟ್ಟಗೆ ಚಾಚಿ ಮಿಡಿಗಳನ್ನು ಗಟ್ಟಿಯಾಗಿ ಎಣಿಸಿದ. ಹದಿನೈದು ದಿನದೊಳಗೆ ಮಿಡಿಗಳೆಲ್ಲ ಕಪ್ಪಾಗಿ ಉದುರಿದವು. ಅತ್ತೆ ಬದುವಿನ ಮೇಲೆ ನಿಂತು ಅವನ ಬೆರಳಿಗೆ ಶಾಪ ಹಾಕಿದಳು, ಮಾತು ಬಿಟ್ಟಳು.

ಊರಿಗೆ ಅಷ್ಟೇ ಬೇಕಾಗಿತ್ತು. ಹೆಂಗಸರು ಕುಂಬಳದ ಬಳ್ಳಿ ಹೂ ಬಿಟ್ಟ ಹಿತ್ತಲಿನ ಕಡೆ ಅವನನ್ನು ಹಾಯಗೊಡಲಿಲ್ಲ. ಮೆಣಸಿನ ತೋಟದ ಕೂಲಿಗೆ ಯಾರೂ ಕರೆಯಲಿಲ್ಲ. ನನಗಾಗ ಇಪ್ಪತ್ತು ವರ್ಷ. ಕಲಘಟಗಿಯ ಚಹಾದಂಗಡಿಗಳಲ್ಲಿ ಗುಡದಪ್ಪನ ಬೆರಳಿನ ಕತೆಯನ್ನು ಉಪ್ಪು ಖಾರ ಹಚ್ಚಿ ಹೇಳಿದವನು ನಾನೇ. ಜನ ಬಿದ್ದು ಬಿದ್ದು ನಗುತ್ತಿದ್ದರು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವನು ಮಾತ್ರ ಯಾರಿಗೂ ತಿರುಗಿ ಒಂದು ಮಾತಾಡಲಿಲ್ಲ. ಮನೆಯಿಂದ ಹೊರಬಿದ್ದರೆ ಬಲಗೈಯನ್ನು ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತಿಕೊಂಡು ನಡೆಯತೊಡಗಿದ. ಹೊಸಬರು ಅವನಿಗೆ ಪಾರ್ಶ್ವವಾಯು ಹೊಡೆದಿದೆ ಎಂದು ತಿಳಿಯುತ್ತಿದ್ದರು.

ಈ ಸಲದ ಮಾವಿನ ಹಂಗಾಮಿನಲ್ಲಿ ನಸ್ರೀನ್ ಮೇಡಂ ಫೋಟೋ ತೆಗೆಯಲು ಅತ್ತೆಯ ತೋಟಕ್ಕೆ ಬಂದರು. ಔಷಧ ತಂದುಕೊಡಲು ನಾನೂ ಹೋಗಿದ್ದೆ. ತಂದದ್ದು ಚಿಬ್ಬು ರೋಗಕ್ಕೆ ಹೊಡೆಯುವ ಮೈಲುತುತ್ತ, ಅದೂ ಆಕೆ ಹೇಳಿದಷ್ಟೇ. ಹೂವಿನ ಹೊತ್ತಿಗೆ ಮೂರು ದಿನ ಅಕಾಲ ಮಳೆ ಬಿದ್ದಿದ್ದರೂ ಅತ್ತೆ ಮೊದಲೇ ಎಚ್ಚರವಾಗಿದ್ದರಿಂದ ಗಿಡಗಳು ಚೆನ್ನಾಗಿದ್ದವು. ಎಲ್ಲೋ ಒಂದು ಟೊಂಗೆಯ ನಾಲ್ಕು ಮಿಡಿಗೆ ಚುಕ್ಕೆ ಬಿದ್ದಿತ್ತು. ಅತ್ತೆ ಅದನ್ನು ಗೆಣ್ಣಿನಿಂದ ತೋರಿಸಿದಳು.

"ಬೆರಳ ಯಾಕ ಮಡಚತೀರಿ ಅಕ್ಕಾರ?" ಎಂದು ಮೇಡಂ ಕೇಳಿದರು.

ಅತ್ತೆ ಗುಡದಪ್ಪನ ಕತೆ ಹೇಳಿದಳು. ಮೇಡಂ ನಗಲಿಲ್ಲ. ಯಾವ ರೈತ ಬಂದರೂ ಕೇಳುವ ಪ್ರಶ್ನೆಗಳನ್ನೇ ಕೇಳಿದರು.

"ಆವಾಗ ಮಿಡಿ ಮ್ಯಾಲ ಚುಕ್ಕಿ ಹೆಂಗಿದ್ದೂರಿ?"

"ತಗ್ಗ ಬಿದ್ದಿದ್ದು. ಕರೇವು. ಒಂದಕ್ಕೊಂದು ಕೂಡಿದ್ದು."

"ಹೂವು?"

"ಮೊದಲ ಹೂವ ಕಮರಿದ್ದು."

"ಗಿಡದಾಗ ಒಣ ಟೊಂಗಿ ಇದ್ದೂರೇನು?"

ಅತ್ತೆ ತಡವರಿಸಿದಳು. ಫಲಕ್ಕೆ ಬಂದ ಗಿಡಕ್ಕೆ ಕಬ್ಬಿಣ ತಾಗಿಸಬಾರದು ಎಂದು ಆಕೆ ಆಗ ಒಂದು ಕಡ್ಡಿಯನ್ನೂ ಕತ್ತರಿಸಲು ಬಿಡುತ್ತಿರಲಿಲ್ಲ. ಚಿಬ್ಬು ರೋಗ ಒಣ ಟೊಂಗೆಗಳಲ್ಲಿ ಅಡಗಿದ್ದು, ಮಳೆಯ ತೇವ ಸಿಕ್ಕೊಡನೆ ಹೂವಿಗೆ ಹಾರುತ್ತದೆ ಎಂದು ಈಗ ಊರಿಗೆಲ್ಲ ಪಾಠ ಹೇಳುವವಳು ಆಕೆಯೇ.

"ಇದ್ದು. ಬಾಳ ಇದ್ದು," ಎಂದಳು.

"ಮಳಿ?"

ಅತ್ತೆ ಕೊರಳಿನ ಭೂತಗನ್ನಡಿಯನ್ನು ಸೆರಗಿನಿಂದ ಒರೆಸತೊಡಗಿದಳು. ಸಾಕಷ್ಟು ಹೊತ್ತು ಒರೆಸಿದಳು. ಆಮೇಲೆ ಬೇರೆ ಊರಿನವರ ಎಲೆ ನೋಡಿ ಹೇಳುವ ದನಿಯಲ್ಲೇ, "ಚಿಬ್ಬು ರೋಗ," ಎಂದಳು. ಮೇಡಂ ಹೌದು ಎಂದು ತಲೆಯಾಡಿಸಿ ಫೋಟೋ ತೆಗೆದುಕೊಂಡು ಹೋದರು.

ಮರುದಿನ ಏಳು ಗಂಟೆಗೇ ಫೋನು ಬಂತು. "ಅಂಗಡಿ ತಗೀಬ್ಯಾಡ. ಬಾ ಇಲ್ಲಿ. ಗುಡದಪ್ಪನ ಮನಿಗೆ ಹೋಗೂಣು."

"ನಾ ಯಾಕ ಅತ್ತಿ?"

"ಕಲಘಟಗಿ ತುಂಬ ಹೇಳಿಕೊಂತ ತಿರಿಗಿದಾವ ನೀನ ಹೌದಲ್ಲೋ? ಬಾ."

ಇಪ್ಪತ್ತೆರಡು ವರ್ಷದಲ್ಲಿ ಆಕೆ ಆ ಓಣಿಗೆ ಕಾಲಿಟ್ಟಿರಲಿಲ್ಲ. ಗುಡದಪ್ಪ ಅಂಗಳದಲ್ಲಿ ಕೂತು ಎರಡೂ ಕೈಯಿಂದ ಗೋವಿನಜೋಳದ ತೆನೆ ಸುಲಿಯುತ್ತಿದ್ದ. ಅತ್ತೆಯನ್ನು ಕಂಡದ್ದೇ ತೆನೆ ಕೆಳಗಿಟ್ಟು ಬಲಗೈಯನ್ನು ವಸ್ತ್ರದೊಳಗೆ ಎಳೆದುಕೊಂಡ. ಅದನ್ನು ನಾನು ನೋಡಿದೆ. ಅತ್ತೆಯೂ ನೋಡಿದಳು.

"ಗುಡದಪ್ಪಾ, ನನ್ನ ಮಿಡಿ ಉದುರಿದ್ದು ನಿನ್ನ ಬೆರಳಿಂದಲ್ಲ. ಅದು ಚಿಬ್ಬು ರೋಗ. ನನ್ನ ಗಿಡದ ಒಣ ಟೊಂಗ್ಯಾಗ ಇತ್ತು. ತಪ್ಪು ನಂದು," ಎಂದಳು. ನಿಂತೇ ಹೇಳಿದಳು.

ಅವನು ಸಂತೋಷಪಡುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅವನು ಎರಡನ್ನೂ ಮಾಡಲಿಲ್ಲ.

"ಇಲ್ಲರಿ ಅಕ್ಕಾರ," ಎಂದ. "ನನ್ನ ಬೆರಳು ಖರೇನ ಕೆಟ್ಟೈತಿ. ನೀವು ಹೇಳಿದ ಮ್ಯಾಲ ನಾ ಯಾವದಕ್ಕೂ ಬೆರಳ ಮಾಡಿಲ್ಲರಿ. ಮೊಮ್ಮಗಳು ಸೌಂದರ್ಯಾಗ ಆಕಾಶದಾಗಿನ ಚಂದಪ್ಪನ್ನ ಸುದ್ದಾ ಗದ್ದಾ ಎತ್ತಿ ತೋರಿಸೀನಿ."

ಅತ್ತೆ ಅವನ ವಸ್ತ್ರದ ಕಡೆ ನೋಡಿದಳು. ಆಮೇಲೆ, "ಏಳು," ಎಂದಳು. "ತ್ವಾಟಕ್ಕ ನಡಿ."

ಬದುವಿನ ಹತ್ತಿರ ಅವನ ಕಾಲು ನಿಂತಿತು. ಅತ್ತೆ ದಾಟು ಎಂದಳು, ದಾಟಿದ. ಮೊದಲ ಸಾಲಿನ ಮೊದಲ ಗಿಡದ ಕೆಳಗೆ ಅವನನ್ನು ನಿಲ್ಲಿಸಿ, "ಎಣಸು," ಎಂದಳು. ಮಿಡಿಗಳು ನೆಲ್ಲಿಕಾಯಿಗಿಂತ ತುಸು ದೊಡ್ಡವಾಗಿದ್ದವು. ಅವನು ವಸ್ತ್ರದಿಂದ ಕೈ ಹೊರತೆಗೆದು, ಬೆರಳು ಮಡಚಿ, ಗೆಣ್ಣಿನಿಂದ ಶುರುಮಾಡಿದ.

"ಹಂಗಲ್ಲ. ನೆಟ್ಟಗ ಮಾಡು."

"ಬ್ಯಾಡ್ರಿ ಅಕ್ಕಾರ."

"ನೆಟ್ಟಗ ಮಾಡ ಅಂದ್ನೆಲ್ಲಾ!"

ಬೆರಳು ನಿಧಾನವಾಗಿ ನೆಟ್ಟಗಾಯಿತು. ಒಂದು, ಎರಡು, ಮೂರು ಎಂದು ಅವನು ಎಣಿಸುತ್ತ ಹೋದ. ನಾನು ಅತ್ತೆಯ ಕಡೆ ನೋಡಿದೆ. ಇಷ್ಟೆಲ್ಲ ರೋಗ ಬಲ್ಲವಳು, ಪ್ರತಿ ಅಂಕಿಗೂ ಎದೆಯ ಮೇಲಿನ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಸುಳ್ಳೇಕೆ, ಔಷಧ ಮಾರುವ ನಾನೂ ನನ್ನ ಬೆರಳು ಕಚ್ಚಿಕೊಂಡಿದ್ದೆ.

ನಲವತ್ತಮೂರಕ್ಕೆ ಬಂದಾಗ ಅವನ ಬೆರಳು ಅಲ್ಲೇ ನಿಂತಿತು. ತಿರುಗದೆ ಕೇಳಿದ:

"ಅಕ್ಕಾರ, ಆ ವರ್ಷ ಹೂವಿನಾಗ ನಾಕ ದಿನ ಮಳಿ ಹಿಡಿದಿತ್ತು. ನನ್ನ ಕಡಲಿ ಹೋತು. ನಿಮಗ ಮಳಿ ನೆನಪ ಇರಲಿಲ್ಲೇನ್ರಿ?"

ಅತ್ತೆ ಸುಳ್ಳು ಹೇಳಬಹುದಿತ್ತು. ಇಪ್ಪತ್ತೆರಡು ವರ್ಷದ ಮಾತು, ಮರೆತಿದ್ದೆ ಅಂದಿದ್ದರೆ ಯಾರೂ ಅಲ್ಲ ಅನ್ನುತ್ತಿರಲಿಲ್ಲ.

"ನೆನಪಿತ್ತು," ಎಂದಳು. "ಮಳಿಗೆ ಬೈದರ ಏನ ಬರತಿತ್ತೋ ಗುಡದಪ್ಪಾ. ನೀ ಎದುರಿಗಿದ್ದಿ."

ಅವನು ಚಾಚಿದ ಕೈಯನ್ನು ಕೆಳಗಿಳಿಸಲಿಲ್ಲ.

"ಲೆಕ್ಕ ತಪ್ಪಿತರಿ," ಎಂದ ಕೊನೆಗೆ. "ಮದಲಿಂದ ಎಣಸತೀನಿ."

ಅತ್ತೆ ಮುಂದೆ ಹೋಗಿ, ಅವನಿಗೆ ಮೇಲಿನ ಮಿಡಿಗಳೂ ಕಾಣಲೆಂದು ಟೊಂಗೆಯನ್ನು ಬಗ್ಗಿಸಿ ಹಿಡಿದುಕೊಂಡಳು. ಅವನು ಒಂದರಿಂದ ಶುರುಮಾಡಿದ. ಇನ್ನೂ ಇಪ್ಪತ್ತಮೂರು ಗಿಡಗಳಿದ್ದವು. ಅಂದು ನಾನು ಅಂಗಡಿ ತೆಗೆಯಲೇ ಇಲ್ಲ.