ನಾಲ್ಕನೆಯ ತಟ್ಟೆಯ ಮೀನು

ಎರಡು ಸಾವಿರದ ದಶಕದ ಮಾತು. ಕರಾವಳಿಯಲ್ಲಿ ಹಡಗೊಂದು ಎಣ್ಣೆ ಚೆಲ್ಲಿತ್ತು. ಹುಬ್ಬಳ್ಳಿಗೆ ಬರುವ ಮೀನಿಗೆ ಆ ಎಣ್ಣೆ ಹತ್ತಿದೆಯೇ ಎಂದು ನೋಡುವ ಕೆಲಸ ಲಕಮನಹಳ್ಳಿಯಲ್ಲಿದ್ದ ನಮ್ಮ ಪ್ರಯೋಗಾಲಯಕ್ಕೆ ಬಂತು. ವರದಿ ಕೊಡುವವರೆಗೆ ಮಾರಾಟ ಬಂದ್.

ಯಂತ್ರಕ್ಕಿಂತ ಮೊದಲು ಮೂಗಿನ ಪರೀಕ್ಷೆ. ಮಾರುವವರ ಬುಟ್ಟಿಗಳಿಂದ ತಂದ ಮೀನು ಬೇಯಿಸಿ, ಬರೀ ಅಂಕಿ ಹಾಕಿದ ಐದು ತಟ್ಟೆಗಳಲ್ಲಿ ಇಡುತ್ತಿದ್ದೆವು. ಒಂದರಲ್ಲಿ ಮಾತ್ರ, ಹೋಲಿಸಿ ನೋಡಲೆಂದು, ಸಮುದ್ರವನ್ನೇ ಕಾಣದ ಕೆರೆಯ ಮೀನು. ಮೂಸುವವರು ಐವರು, ನನ್ನನ್ನು ಬಿಟ್ಟು ಎಲ್ಲರೂ ಹುಟ್ಟಾ ಸಸ್ಯಾಹಾರಿಗಳು. ಮೂಗಿಗೆ ಕರವಸ್ತ್ರ ಹಿಡಿದೇ ಒಳಗೆ ಬಂದರು! ಐದಕ್ಕೂ ‘ಕೆಟ್ಟ ವಾಸನೆ’ ಎಂದು ಬರೆದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು ನಾನು ಐದಕ್ಕೂ ‘ಶುದ್ಧ’ ಎಂದು ಬರೆದೆ.

"ನಾಲ್ಕು ಮಂದಿ ಹೇಳ್ಯಾರ. ಎಲ್ಲಾಕ್ಕೂ ಎಣ್ಣಿ ಹತ್ತೇತಿ ಅನ್ನೋ ವರದಿಗೆ ನೀವೂ ಸೈ ಮಾಡ್ರಿ," ಎಂದರು ಸಾಹೇಬರು.

"ಕೆರಿ ಮೀನಿಗೆ ಹಡಗಿನ ಎಣ್ಣಿ ಎಲ್ಲಿಂದ ಬಂತ್ರಿ? ನಾ ಮಾಡಂಗಿಲ್ಲ."

"ನೌಕರಿ ಬ್ಯಾಡೇನು?"

ಬೇಕಿತ್ತು. ಆದರೂ ಪೆನ್ನು ಮುಟ್ಟಲಿಲ್ಲ. ಮೀನು ಬಲ್ಲವರನ್ನು ಕರೆಸಿ ಎಂದು ಹಟ ಹಿಡಿದೆ.

ದುರ್ಗದಬೈಲಿನ ಕಡೆ ಮೀನು ಮಾರುತ್ತಿದ್ದ ಹೆಂಗಸೊಬ್ಬಳು ವ್ಯಾಪಾರ ನಿಂತಾಗಿನಿಂದ ನಮ್ಮ ಗೇಟಿನ ಬಳಿ ಬಂದು ಕೂರುತ್ತಿದ್ದಳು. ಅವಳ ಬುಟ್ಟಿಯ ಮೀನೂ ತಟ್ಟೆಗಳಲ್ಲಿತ್ತು. ಯಾವುದು ಎಂಬುದು ಸಾಹೇಬರ ಮುಚ್ಚಿದ ಲಕೋಟೆಯಲ್ಲಿತ್ತು. ಅವಳನ್ನೇ ಕರೆಸೋಣ ಎಂದೆ.

"ಆಕಿ ಎಲ್ಲಾ ಛಲೋ ಅಂತಾಳ, ನೋಡ್ತಿರ್ರಿ," ಎಂದು ಗೊಣಗುತ್ತಲೇ ಸಾಹೇಬರು ಒಪ್ಪಿದರು. ಹಾಗೆ ಅನ್ನಲಿ ಎಂದೇ ನನಗೆ ಆಸೆಯಿತ್ತು.

ಮೀನು ಮುರಿದು, ಕಣ್ಣು ಮುಚ್ಚಿ ಮೂಸುತ್ತ ಹೋದಳು. ಮೂರು ತಟ್ಟೆ ದಾಟಿದಳು. ನಾಲ್ಕನೆಯದಕ್ಕೆ ನಿಂತಳು.

"ಇದು ಬ್ಯಾಡ್ರಿ. ಎಣ್ಣಿ ಹತ್ತೇತಿ."

ನಾನು ಓಡಿಹೋಗಿ ಮೂಸಿದೆ. ಏನೂ ಇಲ್ಲ. ಮತ್ತೆ ಮೂಸಿದೆ. ಆಗ ಹೊಳೆಯಿತು: ಗೋಪನಕೊಪ್ಪದ ನಮ್ಮ ಮನೆಯ ಮುಂದೆಯೇ ಅಪ್ಪನ ಗ್ಯಾರೇಜು. ಹಾಸಿಗೆಗೂ ರೊಟ್ಟಿಗೂ ಡೀಸೆಲ್ ವಾಸನೆ. ಅದರಲ್ಲೇ ಬೆಳೆದ ನನ್ನ ಮೂಗಿಗೆ ಅದೊಂದು ವಾಸನೆಯೇ ಅಲ್ಲ. ನಾಲ್ವರನ್ನು ಕತ್ತೆ ಎಂದ ನಾನೇ ಐದನೆಯ ಕತ್ತೆ.

ಲಕೋಟೆ ಒಡೆದರು. ನಾಲ್ಕನೆಯದು ಅವಳದೇ ಬುಟ್ಟಿಯ ಮೀನು.

"ಇನ್ನೊಮ್ಮೆ ಮೂಸಿ ನೋಡವ್ವ," ಎಂದು ನಾನೇ ಬೇಡಿಕೊಂಡೆ.

"ನಂದಂದ್ರ ವಾಸನಿ ಬ್ಯಾರೆ ಆಗ್ತೇತೇನು? ನನ್ನ ಗಿರಾಕಿಗಳ ಮಕ್ಕಳು ತಿಂತಾವು. ಬರಕೋ."

ಬರೆದೆ. ಸಹಿ ಹಾಕಿದೆ. ಆಮೇಲೆ ಯಂತ್ರವೂ ಅದನ್ನೇ ಹೇಳಿತು: ಎಣ್ಣೆ ನಾಲ್ಕನೆಯದಕ್ಕೆ ಮಾತ್ರ. ಉಳಿದವರ ಮೀನು ಪೇಟೆಗೆ ಹೋಯಿತು. ಅವಳಿಗೆ ಮೀನು ಬರುತ್ತಿದ್ದ ಕಡಲ ದಂಡೆಯ ಮಾರಾಟ ಮಾತ್ರ ತಿಂಗಳುಗಟ್ಟಲೆ ನಿಂತಿತು.

ಸಾಹೇಬರಿಗೆ ಎದುರು ನಿಂತ ಧೈರ್ಯವಂತೆ ಎಂದು ಆಫೀಸಿನವರು ಈಗಲೂ ನನ್ನನ್ನು ಹೊಗಳುತ್ತಾರೆ. ಕೇಳಿದಾಗೆಲ್ಲ ಸಿಟ್ಟು ಬರುತ್ತದೆ. ನನ್ನ ನೌಕರಿ ಉಳಿಯಿತು. ಹೊಟ್ಟೆಪಾಡು ಹೋದದ್ದು ಅವಳದು, ಅದೂ ಅವಳದೇ ಬಾಯಿಂದ.