ಆತುರವಿಲ್ಲದ ಹೋಟೆಲು

ಕಳೆದ ವಾರ ದೇವನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಅಂಗಡಿಯ ಬಾಣಲೆಯಿಂದ ಬಾದಾಮಿ ಹಾಲಿನ ವಾಸನೆ ಬಂತು. ಏಲಕ್ಕಿ, ಕೇಸರಿ, ಜೊತೆಗೆ ತಳದಲ್ಲಿ ತುಸು ಸೀದ ಹಾಲು... ಬಸ್ಸು ಬಂದು ಹೋದರೂ ನಾನು ಹತ್ತಲಿಲ್ಲ. ದೊಡ್ಡಬಳ್ಳಾಪುರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಜ್ಜಿ ನೆನಪಾಗಿದ್ದರು.

ಅವರೊಡನೆ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದುದು ಯಾವ ವರ್ಷದ ಮಾತು? ಮೊದಲಿಗೆ ವಿಮಾನ ನಿಲ್ದಾಣ ತೆರೆದ 2008 ಎಂದುಕೊಂಡೆ. ಅದು ಸರಿಹೊಂದುವುದಿಲ್ಲ. ಬಸ್ಸಿನ ಕಿಟಕಿಯಿಂದ ಅಜ್ಜಿಯ ಮೊಮ್ಮಗ ಎಣಿಸುತ್ತಿದ್ದುದು ಬಳ್ಳಾರಿ ರಸ್ತೆಯಲ್ಲಿ ಆಗತಾನೆ ಏಳುತ್ತಿದ್ದ ಮೇಲ್ಸೇತುವೆಯ ಕಂಬಗಳನ್ನು. ಅವು ಬಂದದ್ದು ನಿಲ್ದಾಣ ತೆರೆದ ಮೇಲೆ. ಆದ್ದರಿಂದ ಕಾಲವನ್ನು ಕೆಲವು ವರ್ಷ ಮುಂದಕ್ಕೆ ಸರಿಸಬೇಕು. ಆದರೆ ನಮ್ಮ ಪ್ರಯಾಣ ತಿಂಗಳಿಗೊಮ್ಮೆ ಎಂಬುದರಲ್ಲಿ ಅನುಮಾನವಿಲ್ಲ. ಶಾಸನಗಳನ್ನು ಓದುವ ನಾವು ಕೆಲವರು ಬೆಂಗಳೂರಿನಲ್ಲಿ ಸೇರುತ್ತಿದ್ದುದು ಎರಡನೆಯ ಭಾನುವಾರದ ಮಧ್ಯಾಹ್ನ. ಅಜ್ಜಿ ಇಬ್ಬರು ಮೊಮ್ಮಕ್ಕಳ ಕೈಹಿಡಿದು ನನ್ನ ಜೊತೆಗೇ ಬೆಳಗಿನ ಬಸ್ಸು ಹತ್ತುತ್ತಿದ್ದರು.

ಅವರದು ನೇಕಾರರ ಮನೆ. ಹಗಲಿಡೀ ಪವರ್‌ಲೂಮಿನ ಸದ್ದು. ಮಗ ಸೊಸೆ ಒಬ್ಬರನ್ನೊಬ್ಬರು ಬಿಟ್ಟು ಬೇರೆಯಾಗಿದ್ದರು, ಮಕ್ಕಳು ಅಜ್ಜಿಯ ಬಳಿ ಉಳಿದಿದ್ದರು. ಸೊಸೆ ನಗರದ ಗಾರ್ಮೆಂಟ್ಸ್ ಒಂದರಲ್ಲಿ ದುಡಿಯುತ್ತ ಹೆಂಗಸರ ಪಿಜಿಯಲ್ಲಿದ್ದಳು. ಅಲ್ಲಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಗಂಡನ ಮನೆಗೆ ಕಾಲಿಡಲು ಅವಳು ಒಪ್ಪುತ್ತಿರಲಿಲ್ಲ. ತಾಯಿ ಮಕ್ಕಳು ಒಟ್ಟಿಗೆ ಕೂರುವುದಕ್ಕೆ ಹೋಟೆಲಿನ ಮೇಜೊಂದೇ ಉಳಿದಿತ್ತು.

“ಮಕ್ಳು ಅವರವ್ವನ ಕೈಲಿ ಉಣ್ಬೇಕು ಮೇಷ್ಟ್ರೇ. ಒಳ್ಳೇ ಹೋಟ್ಲು ಯಾವ್ದೈತೆ ಹೇಳಿ” ಎಂದು ಅಜ್ಜಿ ಕೇಳಿದ್ದರು. ನಾನು ಪಾಠ ಮಾಡಿದವನಲ್ಲ. ಕನ್ನಡಕ ಹಾಕಿ ಪುಸ್ತಕ ಹಿಡಿದವರೆಲ್ಲ ಅವರಿಗೆ ಮೇಷ್ಟ್ರು.

ದೋಸೆಗೆ ಹೆಸರಾದ ಹೋಟೆಲೊಂದಕ್ಕೆ ಕರೆದೊಯ್ದೆ. ರುಚಿಗೆ ಕೊರತೆಯಿರಲಿಲ್ಲ. ಆದರೆ ಬೆಂಗಳೂರಿನ ಅಂಥ ಹೋಟೆಲುಗಳಲ್ಲಿ ಒಂದು ರೂಢಿಯಿದೆ. ತಿನ್ನುತ್ತಿರುವವರ ಕುರ್ಚಿಯ ಹಿಂದೆ ಮುಂದಿನವರು ಬಂದು ನಿಲ್ಲುತ್ತಾರೆ. ಜಾಗ ಹಿಡಿಯುವ ಕ್ರಮವೇ ಅದು. ಹುಡುಗನ ಹಿಂದೆ ದಪ್ಪ ಮನುಷ್ಯರೊಬ್ಬರು ಗಡಿಯಾರ ನೋಡುತ್ತ ನಿಂತರು. ಹುಡುಗ ಅವರ ಹೊಟ್ಟೆಯನ್ನೇ ತಿರುಗಿ ತಿರುಗಿ ನೋಡಿ ಅಗಿಯುವುದನ್ನು ಮರೆತ. ಅವನ ತಾಯಿ ಎತ್ತಿದ ತುತ್ತನ್ನು ಆತುರಾತುರವಾಗಿ ಬಾಯಿಗಿಟ್ಟಳು... ಕಾಫಿ ಮುಗಿಯುವ ಮೊದಲೇ ಬಿಲ್ಲು ಬಂತು.

ಹೊರಗೆ ಬಂದು ಅಜ್ಜಿ, “ದೋಸೆ ಚೆನ್ನಾಗೈತೆ ಮೇಷ್ಟ್ರೇ. ಜಾಗ ಚೆನ್ನಾಗಿಲ್ಲ” ಎಂದರು.

ಅಲ್ಲಿಂದಾಚೆಗೆ ಹುಡುಕಾಟ ಅವರದೇ ಆಯಿತು. ದರ್ಶಿನಿಗಳಲ್ಲಿ ಕುರ್ಚಿಯೇ ಇರಲಿಲ್ಲ. ಎ.ಸಿ. ಇದ್ದ ಒಂದು ಕಡೆ ಹುಡುಗಿ ಚಳಿಗೆ ನಡುಗಿ, ಅಜ್ಜಿ ಸೆರಗು ಹೊದಿಸಬೇಕಾಯಿತು. ಕೊನೆಗೆ ಚಿಕ್ಕಪೇಟೆಯ ಹಿಂದಿನ ಬೀದಿಯಲ್ಲಿ, ಕಡಿದಾದ ಮೆಟ್ಟಿಲ ಮೇಲೊಂದು ಹಳೆಯ ಹೋಟೆಲು ಸಿಕ್ಕಿತು. ಮೆಟ್ಟಿಲಿಗೆ ಹೆದರಿ ಜನ ಬರುತ್ತಿರಲಿಲ್ಲ. ಅಜ್ಜಿ ಮಂಡಿ ಹಿಡಿದುಕೊಂಡು ಹತ್ತಿ ಒಳಗೆ ಇಣುಕಿದರು. ಮೂಲೆಯಲ್ಲೊಬ್ಬರು ಖಾಲಿ ಲೋಟದ ಮುಂದೆ ಪೇಪರು ಓದುತ್ತಿದ್ದರು. “ಇದೇ ಸರಿ” ಎಂದರು ಅಜ್ಜಿ.

ಅಲ್ಲಿ ಅವರು ಊಟ ತರಿಸುತ್ತಿದ್ದ ಬಗೆಯೇ ಬೇರೆ. ಎಲ್ಲವನ್ನೂ ಒಟ್ಟಿಗೆ ಹೇಳುತ್ತಿರಲಿಲ್ಲ. ಇಡ್ಲಿ ಮುಗಿದ ಮೇಲೆ ವಡೆ. ವಡೆ ಮುಗಿದ ಮೇಲೆ ದೋಸೆ, ಅದೂ ಇಬ್ಬರಿಗೆ ಒಂದು. ಬರಬೇಕಾದದ್ದೊಂದು ಸದಾ ಬಾಕಿ ಇದ್ದರೆ ಎದ್ದೇಳಿ ಎನ್ನುವವರಿರುವುದಿಲ್ಲ.

“ಏನಜ್ಜಿ, ತಿಂಡಿ ತಿನ್ನಕ್ ಬಂದ್ರಾ, ಸಂಸಾರ ಮಾಡಕ್ ಬಂದ್ರಾ?” ಎಂದು ಸಪ್ಲೈಯರ್ ಛೇಡಿಸಿದ.

“ಸಂಸಾರ ಮಾಡಕ್ಕೇ ಕಣಪ್ಪಾ. ನೀನು ನಿಧಾನಕ್ಕೆ ಇನ್ನೊಂದು ವಡೆ ತಗೊಂಬಾ.”

ಕಡೆಯಲ್ಲಿ ಬಾದಾಮಿ ಹಾಲು. ಮಕ್ಕಳಿಗಾದರೆ ಆರಿಸಿ ಕೊಡುವುದು ವಾಡಿಕೆ. ಅಜ್ಜಿ, “ಕುದಿಯೋ ಹಾಲೇ ತಾ” ಎನ್ನುತ್ತಿದ್ದರು. ಲೋಟ ಆರುವ ತನಕ ಯಾರೂ ಏಳುವಂತಿರಲಿಲ್ಲ. ಆ ಹೊತ್ತಿನಲ್ಲಿ ಸೊಸೆ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಹುಡುಗ ಅವಳ ತೊಡೆಯ ಮೇಲೆ ನಿದ್ದೆಹೋಗುತ್ತಿದ್ದ. ಅಜ್ಜಿ ನನ್ನ ಮೇಜಿಗೆ ಬಂದು ಅವರಿಗೆ ಬೆನ್ನು ಹಾಕಿ ಕೂರುತ್ತಿದ್ದರು.

ಹಾಗೆ ಕೂತಿದ್ದಾಗ ಒಮ್ಮೆ ಕೇಳಿದೆ: “ಅಮ್ಮಾ, ಮಕ್ಕಳು ಅವರಮ್ಮನ ಹತ್ತಿರವೇ ಇರ್ತೀವಿ ಅಂದುಬಿಟ್ಟರೆ?”

“ಅಂದ್ರೆ ಕಳಿಸ್ಬೇಕಾಗ್ತದೆ. ಅದಕ್ಕೆ ಹೆದ್ರುಕೊಂಡು ತಾಯಿ ಇಲ್ದಂಗೆ ಮಾಡಕ್ಕಾಗ್ತದಾ?” ಎಂದರು. ಮತ್ತೆ, “ನನ್ ಪಕ್ಕದಲ್ಲಿ ಮಲಗ್ದಿದ್ರೆ ಆ ಹುಡ್ಗನಿಗೆ ನಿದ್ದೆ ಬರ್ತಿರ್ಲಿಲ್ಲ ಮೇಷ್ಟ್ರೇ... ಈಗ ನೋಡಿ” ಎಂದರು. ತಾವು ಮಾತ್ರ ತಿರುಗಿ ನೋಡಲಿಲ್ಲ.

ಒಂದು ಬೇಸಿಗೆಯ ಭಾನುವಾರ ಸೊಸೆ ಅಂಜುತ್ತಲೇ ವಿಷಯ ತೆಗೆದಳು. ವಿಮಾನ ನಿಲ್ದಾಣದಲ್ಲಿ ಹೌಸ್‌ಕೀಪಿಂಗ್ ಕೆಲಸ ಸಿಕ್ಕಿದೆ. ದೇವನಹಳ್ಳಿಯಲ್ಲಿ ಎರಡು ಕೋಣೆಯ ಮನೆ ನೋಡಿದ್ದೇನೆ. ಶಾಲೆ ಹತ್ತಿರದಲ್ಲೇ ಇದೆ. “ಅತ್ತೆ, ನೀವು ಹೂಂ ಅಂದ್ರೆ ಮಾತ್ರ...” ಎಂದು ನಿಲ್ಲಿಸಿದಳು. ಹುಡುಗಿ ಒಮ್ಮೆ ತಾಯಿಯನ್ನು, ಒಮ್ಮೆ ಅಜ್ಜಿಯನ್ನು ನೋಡಿದಳು. ಅಷ್ಟರಲ್ಲಿ ಸಪ್ಲೈಯರ್ ಬಂದು, “ಹಾಲು ತರ್ಲಾ ಅಜ್ಜಿ, ಕುದಿಯೋದು?” ಎಂದ.

“ಇವತ್ತು ಬ್ಯಾಡಪ್ಪಾ” ಎಂದು ಅಜ್ಜಿ ಎದ್ದರು. “ಇನ್ಮೇಲೆ ಅವರವ್ವ ಮನೇಲೇ ಕಾಯಿಸ್ಕೊಡ್ತಾಳೆ.”

ಮಗ ಕೆಲವು ದಿನ ತಾಯಿಯೊಡನೆ ಮಾತು ಬಿಟ್ಟ. ಶಾಲೆ ಶುರುವಾಗುವ ಮೊದಲೇ ಮಕ್ಕಳು ಹೊರಟುಹೋದರು. ಮುಂದಿನ ಎರಡನೆಯ ಭಾನುವಾರ ನಾನು ಹೊರಟಾಗ ಅಜ್ಜಿ ಪ್ರಯಾಣದ ಸೀರೆಯುಟ್ಟು, ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದರು. “ಬರ್ತೀರಾ ಅಮ್ಮಾ?” ಎಂದೆ. ತಾವು ಉಟ್ಟ ಸೀರೆಯನ್ನು ಆಗತಾನೆ ಕಂಡವರಂತೆ ನೋಡಿಕೊಂಡು, “ಇಲ್ಲ, ಹೋಗ್ಬನ್ನಿ” ಎಂದು ಒಳಗೆ ಹೋದರು.

ಅಜ್ಜಿ ತೀರಿಕೊಂಡು ವರ್ಷಗಳಾದವು. ಆ ಹೋಟೆಲಿದ್ದ ಕಟ್ಟಡವೂ ಈಗಿಲ್ಲ. ಮೊನ್ನೆ, ವರ್ಷವನ್ನು ಖಚಿತಪಡಿಸಿಕೊಳ್ಳಲೆಂದು ಮೊಮ್ಮಗಳಿಗೆ ಫೋನು ಮಾಡಿದೆ. ಈಗ ಅವಳೂ ಕೆಲಸಕ್ಕೆ ಹೋಗುತ್ತಾಳೆ.

“ವರ್ಷ ಯಾವ್ದೋ ನೆನಪಿಲ್ಲ ಮೇಷ್ಟ್ರೇ” ಎಂದಳು. “ಆದ್ರೆ ಪ್ರತಿ ಭಾನ್ವಾರ ಹೋಗ್ತಿದ್ವಲ್ಲ? ಒಂದ್ ವಾರಾನೂ ಅಜ್ಜಿ ತಪ್ಪಿಸ್ತಿರ್ಲಿಲ್ಲ. ಬೆಳಗ್ಗೆ ಹೋದ್ರೆ ಸಾಯಂಕಾಲದ ತನ್ಕ ಅಮ್ಮನ ಜೊತೇನೇ...”

ತಿಂಗಳಿಗೊಮ್ಮೆ, ಹೆಚ್ಚೆಂದರೆ ಮಧ್ಯಾಹ್ನದವರೆಗೆ ಎಂಬ ಮಾತು ನಾಲಿಗೆಯ ತುದಿಗೆ ಬಂತು.

“ಹೌದಮ್ಮಾ, ಪ್ರತಿ ವಾರ” ಎಂದೆ.