ಹತ್ತೊಂಬತ್ತನೇ ವಾರದ ತಾಯಿ ಕಾರ್ಡ್

ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ್ ಕೈ, ಕಾಲು, ಬೆನ್ನು ಎಂದು ಒಂದೊಂದಾಗಿ ಹೇಳುತ್ತಿದ್ದರು. ಆಮೇಲೆ ತಲೆಯ ಭಾಗವನ್ನೇ ಮತ್ತೆ ಮತ್ತೆ ನೋಡಿದರು.

ಮಗುವಿಗೆ ತಲೆಬುರುಡೆ ಬೆಳೆದಿರಲಿಲ್ಲ.

ಹತ್ತೊಂಬತ್ತನೇ ವಾರ. ಹುಟ್ಟಿದರೂ ಬದುಕುವುದಿಲ್ಲ ಎಂದರು.

ನಮ್ಮೂರು ಸವಳಂಗದ ಹತ್ತಿರ. ಸಮೀಪದ ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರ್ ರಿಪೋರ್ಟನ್ನು ಎರಡು ಸಲ ಓದಿ, ಎದುರಿನ ಬೀಗ ಹಾಕಿದ ಕೋಣೆಯನ್ನು ತೋರಿಸಿದರು.

"ಗರ್ಭಪಾತ ಮೊದಲು ಇಲ್ಲೇ ಮಾಡ್ತಿದ್ವಮ್ಮಾ. ಅನುದಾನ ನಿಲ್ಲಿಸಿದ್ರು. ದಾವಣಗೆರೆ ಜಿಲ್ಲಾ ಆಸ್ಪತ್ರೆಗೆ ಹೋಗ್ರಿ. ಇಪ್ಪತ್ತು ವಾರ ದಾಟಿದ್ರೆ ಇಬ್ಬರು ಡಾಕ್ಟರ್ ಸಹಿ ಬೇಕಾಗ್ತದೆ, ತಡ ಮಾಡಬ್ಯಾಡ್ರಿ."

ಗಂಡನಿಗೆ ರಜೆ ಸಿಗಲು ಮೂರು ದಿನ ಬೇಕಾಯಿತು. ಆ ಮೂರು ದಿನವೂ ಅದು ಒಳಗೆ ಮಿಸುಕುತ್ತಿತ್ತು.

ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮತ್ತು ಅತ್ತೆಗೆ. ಮಾವನಿಗೆ ಹೇಳುವುದು ಬೇಡವೆಂದು ಅತ್ತೆಯೇ ತೀರ್ಮಾನಿಸಿದ್ದರು. ಎರಡನೇ ದಿನ ಸಂಜೆ ಮಾವ, ಪಕ್ಕದ ಮನೆಯ ಚನ್ನಬಸಪ್ಪನವರ ಜೊತೆ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. ಗರ್ಭಪಾತದ ಅನುದಾನ ನಿಲ್ಲಿಸಿದ ಸುದ್ದಿ ಅದರಲ್ಲಿತ್ತು. ನಾನು ಒಳಗೆ ಅವರೆಕಾಯಿ ಸುಲಿಯುತ್ತಿದ್ದೆ.

"ಕೂಸು ತೆಗೆಯಾಕೆ ಸರ್ಕಾರದ ದುಡ್ಡು ಯಾಕ್ ಬೇಕ್ರೀ? ನಿಲ್ಸಿದ್ದೇ ಚಲೋ ಆತು," ಎಂದರು ಮಾವ.

"ಬಡವರು ಎಲ್ಲಿಗೆ ಹೋಗಬೇಕು ಮಾರಾಯಾ?"

"ದಾವಣಗೆರೆಗೆ ಹೋಗ್ಲಿ. ಹೆಂಗಸರಿಗೆ ಬಸ್ಸು ಫ್ರೀ ಐತಲ್ಲ."

ಇಬ್ಬರೂ ನಕ್ಕರು.

ಮಾವ ಕೆಟ್ಟವರಲ್ಲ. ನಾನು ಬಸುರಿಯೆಂದು ತಿಳಿದಾಗಿನಿಂದ ಪೇಟೆಗೆ ಹೋದಾಗಲೆಲ್ಲ ನನಗೆಂದೇ ಹಣ್ಣು ತರುತ್ತಿದ್ದರು. ಎಂ.ಎ. ಓದುವಾಗ ಗರ್ಭಪಾತದ ಹಕ್ಕಿನ ಚರ್ಚೆಯಲ್ಲಿ ತಡವರಿಸದೆ ಮಾತಾಡಿದ್ದವಳು ನಾನು. ಅಂದು ಕಾಯಿ ಸುಲಿಯುತ್ತ ಕುಳಿತೆ.

ದಾವಣಗೆರೆಯಲ್ಲಿ ತಪ್ಪು ಮಾಡಿದ್ದು ನಾನೇ. ಯಾವ ಆಸ್ಪತ್ರೆಗೆ ಹೋದರೂ ಮೊದಲು ತಾಯಿ ಕಾರ್ಡ್ ತೋರಿಸಬೇಕೆಂದು ಆಶಾ ಕಾರ್ಯಕರ್ತೆ ಕಲಿಸಿದ್ದರು. ಅಭ್ಯಾಸದಂತೆ ಕೌಂಟರಿನಲ್ಲಿ ಸ್ಕ್ಯಾನ್ ರಿಪೋರ್ಟಿನ ಬದಲು ಅದನ್ನೇ ಕೊಟ್ಟೆ. ಗರ್ಭಿಣಿಯರ ತಪಾಸಣೆಯ ಸಾಲಿಗೆ ಕಳಿಸಿದರು.

"ಎಷ್ಟು ತಿಂಗಳು ರೀ?" ಪಕ್ಕದಾಕೆ ಕೇಳಿದಳು.

"ಐದು."

"ಹೊಟ್ಟೆ ಕಾಣಂಗೇ ಇಲ್ಲ. ಚೆನ್ನಾಗಿ ಉಣ್ರಿ."

ಹೂಂ ಎಂದೆ. ಸರದಿ ಬಂದಾಗ ನರ್ಸ್ ರಿಪೋರ್ಟ್ ನೋಡಿ, ನನ್ನ ಕೈ ಹಿಡಿದು ಬೇರೆ ವಾರ್ಡಿಗೆ ಕರೆದೊಯ್ದರು.

ಅಲ್ಲಿಯದನ್ನು ಬರೆಯಲಾರೆ.

ಮನೆಗೆ ಬಂದ ಮೇಲೆ ಎದೆಯಲ್ಲಿ ಹಾಲು ಬಂತು.

ಅತ್ತೆ ಬಟ್ಟೆ ಬಿಗಿದು ಕಟ್ಟಿದರು. ಕೂಸು ತಾನಾಗಿಯೇ ಹೋಯಿತೆಂದು ಊರಿಗೆ ಹೇಳಿದರು. ಮಾವನಿಗೂ ಅದನ್ನೇ ಹೇಳಿದರು.

ಒಂಬತ್ತನೇ ದಿನ ಮಾವ ಹಣ್ಣಿನ ಚೀಲ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

"ಅಷ್ಟು ದೂರ ಹೋಗಬೇಕಾತೇನವ್ವಾ? ಮೊದಲು ಇಲ್ಲೇ ಮಾಡ್ತಿದ್ರಂತಲ್ಲ."

ಅವರಿಗೆ ಗೊತ್ತಾಗಿತ್ತು. ಹೇಗೆಂದು ನಾನು ಕೇಳಲಿಲ್ಲ.

"ಈಗಿಲ್ಲ ಮಾವ. ನಿಲ್ಲಿಸ್ಯಾರೆ."

ಅವರು ಚೀಲವನ್ನು ಹೊಸ್ತಿಲೊಳಗಿಟ್ಟು ಹೋದರು.

ಮೈ ಈಗ ಸುಧಾರಿಸುತ್ತಿದೆ. ಕೈ ಹಿಡಿದ ಆ ನರ್ಸ್ ಹೆಸರು ಕೇಳಲಿಲ್ಲವಲ್ಲ ಎಂದು ಆಗಾಗ ಅನಿಸುತ್ತದೆ. ಕಟ್ಟೆಯ ಮೇಲೆ ಪೇಪರ್ ಓದುವುದು ನಡೆದೇ ಇದೆ. ಅನುದಾನದ ಸುದ್ದಿ ಬಂದಾಗ ಮಾವ ಹಾಳೆ ತಿರುವಿಬಿಡುತ್ತಾರೆ. ನನಗೆ ಅಷ್ಟು ಸಾಕು. ಆಸ್ಪತ್ರೆಯ ಆ ಕೋಣೆಗೆ ಮಾತ್ರ ಇನ್ನೂ ಬೀಗವಿದೆ.